ಜೋಕುಮಾರನ ವರದಿ: ಬಯಲುಸೀಮೆಯ ಮಳೆಯನ್ನು ಓದುವ ಬಗೆ

ಪದವಿ ತರಗತಿಯೊಂದಕ್ಕೆ ಒಮ್ಮೆ ‘ನಮ್ಮೂರಿನ ಮಳೆಗಾಲ’ ಎಂಬ ವಿಷಯ ಕೊಟ್ಟು ಒಂದು ಪುಟ ಬರೆಯಲು ಹೇಳಿದ್ದೆ. ತರಗತಿಯಲ್ಲಿದ್ದವರಲ್ಲಿ ಹೆಚ್ಚಿನವರು ಯಾದಗಿರಿ, ಶಹಾಪುರ, ಸುರಪುರ ಕಡೆಯವರು. ಬಂದ ಪುಟಗಳಲ್ಲಿ ಹಸಿರು ಬೆಟ್ಟಗಳಿದ್ದವು, ದಿನಗಟ್ಟಲೆ ಹಿಡಿದ ಜಿಟಿಜಿಟಿ ಸೋನೆಯಿತ್ತು, ಹಂಚಿನ ಮಾಡಿನಿಂದ ಇಳಿಯುವ ನೀರಿತ್ತು, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳವೂ ಇತ್ತು. ನಮ್ಮ ಕಡೆ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಹಲಸಿನ ಮರ ಕಂಡ ಮಕ್ಕಳೇ ಕಡಿಮೆ. ಒಬ್ಬ ಹುಡುಗ ಮಾತ್ರ ನಾಲ್ಕೇ ಸಾಲು ಬರೆದಿದ್ದ. ಅದರಲ್ಲೊಂದು ಮಾತಿತ್ತು: ಮಳೆಗಾಲ ಅಂದರೆ ನಮ್ಮಪ್ಪ ದಿನಾ ಸಂಜೆ ಅಗಸಿ ಮುಂದೆ ನಿಂತು ಮುಗಿಲು ನೋಡುವ ಕಾಲ. ಬರೆಯಲು ಮತ್ತೇನೂ ಹೊಳೆಯಲಿಲ್ಲ ಎಂದು ಆಮೇಲೆ ಅವನು ಸಂಕೋಚದಿಂದ ಹೇಳಿದ.

ಉಳಿದವರನ್ನು ನಾನು ದೂರಲಾರೆ. ಕೊಂಕಲ್‌ನಲ್ಲಿ ಹೈಸ್ಕೂಲು ಓದುವಾಗ ನಾನೂ ಅದೇ ಪ್ರಬಂಧವನ್ನು ಬರೆದು ಒಳ್ಳೆಯ ಅಂಕ ಪಡೆದವಳು. ಪಠ್ಯಪುಸ್ತಕದಲ್ಲಿ ಓದಿದ ಮಳೆಯೇ ಸಾಹಿತ್ಯದ ಮಳೆ, ಹೊಲದ ಮೇಲೆ ಬೀಳುವುದೋ ಬೀಳದಿರುವುದೋ ಮನೆಯ ವಿಷಯ ಎಂದು ನಾವೆಲ್ಲ ಎಂದೋ ಒಪ್ಪಿಕೊಂಡುಬಿಟ್ಟಿದ್ದೆವು. ಆ ಒಪ್ಪಂದವನ್ನು ಈಗ ಪ್ರಶ್ನಿಸಬೇಕು ಅನ್ನಿಸುತ್ತಿದೆ. ಕನ್ನಡದಲ್ಲಿ ಮಳೆ ಎರಡು ರೀತಿಯಲ್ಲಿ ಮಾತಿಗೆ ಬಂದಿದೆ. ಒಂದು ವರ್ಣನೆ, ಇನ್ನೊಂದು ವರದಿ. ನಮ್ಮ ವಿಮರ್ಶೆ ಮೊದಲನೆಯದನ್ನು ಸಾಹಿತ್ಯವೆಂದು ಓದಿತು. ಎರಡನೆಯದನ್ನು ಜಾನಪದ, ನಂಬಿಕೆ, ಕೃಷಿಜ್ಞಾನ ಎಂದು ಬೇರೆ ಕಪಾಟಿನಲ್ಲಿಟ್ಟಿತು. ಇದರಿಂದ ಬಯಲುಸೀಮೆಯ ಮಳೆಯಷ್ಟೇ ಅಲ್ಲ, ಕೆಲವು ಮುಖ್ಯ ಕೃತಿಗಳ ಒಂದು ಮಗ್ಗುಲೂ ನಮ್ಮ ಕಣ್ಣಿಗೆ ಬೀಳದೆ ಹೋಯಿತು.

ವರ್ಣನೆಯ ಪರಂಪರೆ ಹಳೆಯದು. ಮಹಾಕಾವ್ಯಕ್ಕೆ ಬೇಕೆಂದು ಹೇಳುವ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಕಾಳಿದಾಸನ ಮೋಡ ಆಷಾಢದ ಮೊದಲ ದಿನ ಕಾಣಿಸಿಕೊಂಡು ವಿರಹಿಯ ದೂತನಾಗುತ್ತದೆ. ಅದನ್ನು ಕನ್ನಡಕ್ಕೆ ತಂದ ಬೇಂದ್ರೆಯವರು ತಮ್ಮದೇ ಕವಿತೆಗಳಲ್ಲಿ ಶ್ರಾವಣವನ್ನು ಮತ್ತೆ ಮತ್ತೆ ಕರೆದರು. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಅಲ್ಲಿಯ ಶ್ರಾವಣ ನಿಜವಾಗಿಯೂ ತೊಯ್ದ ಶ್ರಾವಣ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಕಾಡು, ಕೆಸರು, ಇಂಬಳ, ಮಳೆ ಇವನ್ನು ಬೇರೆಬೇರೆ ಮಾಡಿ ನೋಡಲು ಬರುವುದಿಲ್ಲ. ಅಲ್ಲಿಯ ಮಳೆ ಬರೀ ಅಲಂಕಾರ ಎಂದು ನಾನು ಹೇಳುತ್ತಿಲ್ಲ. ಆ ಮಳೆಯಲ್ಲಿ ನಡೆಯುವವರು ಆಳುಗಳು, ಹೊರೆ ಹೊರುವವರು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಮಲೆನಾಡಿನ ಬರಹದಲ್ಲಿ ಮಳೆ ಬರುತ್ತದೆ ಎನ್ನುವುದು ಸಂಶಯದ ಮಾತಲ್ಲ. ಬಂದ ಮಳೆಯೊಳಗೆ ಬದುಕು ಹೇಗೆ ನಡೆಯಿತು ಎಂಬಲ್ಲಿಂದ ಕತೆ ಶುರುವಾಗುತ್ತದೆ. ಬಯಲಿನಲ್ಲಿ ‘ಬರುತ್ತದೆಯೇ’ ಎಂಬುದೇ ಕತೆ.

ಈ ವ್ಯತ್ಯಾಸಕ್ಕೆ ಭೂಗೋಳದ ಕಾರಣವಿದೆ. ಬೇಸಿಗೆಯಲ್ಲಿ ನಮ್ಮ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ಕಾದ ನೆಲದ ಮೇಲೆ ಗಾಳಿಯ ಒತ್ತಡ ತಗ್ಗುತ್ತದೆ. ಭೂಮಧ್ಯರೇಖೆಯ ಆಚೆಯಿಂದ ಹೊರಟ ಗಾಳಿ, ಭೂಮಿ ತಿರುಗುವ ಕಾರಣಕ್ಕೆ ಬಲಕ್ಕೆ ಬಾಗಿ, ಅರಬ್ಬೀ ಸಮುದ್ರದ ತೇವ ಹೊತ್ತು ನೈಋತ್ಯ ದಿಕ್ಕಿನಿಂದ ಬರುತ್ತದೆ. ವಾಡಿಕೆಯಂತೆ ಜೂನ್ 1ರ ಹೊತ್ತಿಗೆ ಕೇರಳ ಮುಟ್ಟಿ, ಮುಂದಿನ ದಿನಗಳಲ್ಲಿ ಕರ್ನಾಟಕದೊಳಕ್ಕೆ ಬರುತ್ತದೆ. ಸಹ್ಯಾದ್ರಿ ಅದಕ್ಕೆ ಅಡ್ಡ ನಿಂತಿದೆ. ಗಾಳಿ ಬೆಟ್ಟ ಏರುತ್ತ ತಣ್ಣಗಾಗಿ, ಹೊತ್ತ ನೀರಿನ ಬಹುಪಾಲನ್ನು ಅಲ್ಲೇ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟ ಇಳಿದು ಪೂರ್ವಕ್ಕೆ ಬರುವ ಹೊತ್ತಿಗೆ ಅದೇ ಗಾಳಿ ಮತ್ತೆ ಬಿಸಿಯಾಗಿ ಒಣಗಿರುತ್ತದೆ. ಯಾದಗಿರಿ ಸೀಮೆಗೆ ದಕ್ಕುವುದು ಆಗುಂಬೆಯ ಹತ್ತರಲ್ಲೊಂದು ಪಾಲಿನ ಆಸುಪಾಸು. ಆಷಾಢದಲ್ಲಿ ನಮ್ಮಲ್ಲಿ ಬಾಗಿಲು ಬಡಿಯುವಂಥ ಗಾಳಿ ಇರುತ್ತದೆ, ಮುಗಿಲಲ್ಲಿ ಓಡುವ ಮೋಡ ಇರುತ್ತದೆ, ಮಳೆ ಮಾತ್ರ ಇರುವುದಿಲ್ಲ. ಮೇಘದೂತ ಕೊಂಕಲ್ ಮೇಲಿಂದಲೂ ಹಾದು ಹೋಗುತ್ತಾನೆ. ನಮಗೆ ಕೊಡುವ ಓಲೆ ಅವನ ಹತ್ತಿರ ಇರುವುದಿಲ್ಲ, ಅಷ್ಟೆ.

ಚಿಕ್ಕವಳಿದ್ದಾಗ ಅಂಥ ಒಂದು ದಿನ ಮೋಡ ಕಂಡು ಮಳೆ ಬಂತು ಎಂದು ಕುಣಿದಿದ್ದೆ. ಮುತ್ಯಾ ಕಟ್ಟೆಯ ಮೇಲೆ ಕೂತಲ್ಲಿಂದಲೇ ಅಂದಿದ್ದ: “ಇದು ಮಳಿ ಅಲ್ಲವ್ವಾ, ಬರೀ ಗಾಳಿ. ಮಳಿ ಇನ್ನಾ ದೂರ ಅದ.” ಹವಾಮಾನ ಇಲಾಖೆಯ ಪ್ರಕಾರ ಆಗ ಮುಂಗಾರು ನಮ್ಮೂರನ್ನು ದಾಟಿ ಎಷ್ಟೋ ದಿನ ಆಗಿದ್ದಿರಬೇಕು. ಮುತ್ಯಾನ ಮಾತೂ ತಪ್ಪಲ್ಲ. ಮುಂಗಾರು ತಗ್ಗುತ್ತ ಬರುವ ಸೆಪ್ಟೆಂಬರಿನಲ್ಲಿ ಗಾಳಿಯ ರಭಸ ಇಳಿದು, ಮಧ್ಯಾಹ್ನದ ಬಿಸಿಲಿಗೆ ಮೋಡ ಕಟ್ಟಿ, ಸಂಜೆ ಗುಡುಗು ಸಿಡಿಲಿನೊಂದಿಗೆ ಹೊಯ್ಯುವ ಮಳೆ, ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಬರುವ ಮಳೆ, ಇವೇ ರಾಯಚೂರು–ಯಾದಗಿರಿ ಬಯಲಿನ ದೊಡ್ಡ ಆಸರೆ. ಹೆಸರು, ತೊಗರಿ, ಹತ್ತಿ ಮುಂಗಾರಿಗೆ ಬಿತ್ತುವವು. ಎರಿ ಹೊಲದ ಬಿಳಿಜೋಳ, ಕಡಲೆ, ಕುಸುಬೆ ಮಾತ್ರ ಹಿಂಗಾರಿಯವು. ಕಪ್ಪು ಮಣ್ಣು ಸೆಪ್ಟೆಂಬರಿನ ನೀರನ್ನು ಒಳಗೆ ಹಿಡಿದಿಟ್ಟುಕೊಂಡರೆ, ಆಮೇಲೆ ಹನಿ ಬೀಳದಿದ್ದರೂ ಚಳಿ ಇಬ್ಬನಿಯಲ್ಲೇ ಜೋಳ ತೆನೆ ಹಾಯುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಳೆಯ ಗಾದೆಗಳನ್ನು ಓದಬೇಕು. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ 13–14 ದಿನಕ್ಕೆ ಒಂದೊಂದು ಮಳೆಯ ಹೆಸರು. ಜೂನ್ ಮೊದಲ ವಾರ ಕಳೆಯುತ್ತಲೇ ಕೂಡುವ ಮಿರಗದಿಂದ ಅಕ್ಟೋಬರ್ ಕೊನೆಯ ಸ್ವಾತಿಯವರೆಗೆ ರೈತರ ಲೆಕ್ಕ ನಡೆಯುತ್ತದೆ. ‘ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ’ ಎನ್ನುತ್ತಾರೆ. ಈ ಗಾದೆಯ ಕ್ರಿಯಾಪದ ಗಮನಿಸಿ: ‘ಬಂದರೆ’. ಋತುವರ್ಣನೆಯ ಮಳೆ ಬರುತ್ತದೆ, ಸುರಿಯುತ್ತದೆ, ತೋಯಿಸುತ್ತದೆ. ಗಾದೆಯ ಮಳೆ ‘ಬಂದರೆ’ ಎಂಬಲ್ಲಿ ನಿಂತಿರುತ್ತದೆ. ‘ಮಗಿ ಮಳೆ ಹೊಯ್ದಷ್ಟೂ ಚಂದ, ಮನೆ ಮಗ ಉಂಡಷ್ಟೂ ಚಂದ’ ಎನ್ನುವಾಗ ಹೋಲಿಕೆ ನಿಂತಿರುವುದು ಮಳೆಯ ಚೆಲುವಿನ ಮೇಲಲ್ಲ, ಅಳತೆಯ ಮೇಲೆ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎಂಬುದು ಅಕ್ಟೋಬರಿನ ಗುಡುಗು ಮಳೆಯ ಸ್ವಭಾವವನ್ನು ಒಂದೇ ಉಸುರಿಗೆ ಹೇಳುತ್ತದೆ. ಒಬ್ಬನ ಹೊಲ ತೋಯುತ್ತದೆ, ಬದುವಿನಾಚೆಯ ಹೊಲ ಒಣಗಿರುತ್ತದೆ. ಈ ಮಾತುಗಳು ಮಳೆಯನ್ನು ನೋಡಿ ಸಂತೋಷಪಟ್ಟವರವಲ್ಲ. ಮಳೆಯೊಂದಿಗೆ ಕೊಡು–ಕೊಳ್ಳುವ ವ್ಯವಹಾರದಲ್ಲಿದ್ದವರವು. ಇವು ವರದಿಯ ಮಾತುಗಳು.

ವರದಿ ಎಂಬ ಪದ ನನಗೆ ಸಿಕ್ಕಿದ್ದು ಜೋಕುಮಾರನಿಂದ. ಉತ್ತರ ಕರ್ನಾಟಕದಲ್ಲಿ ಭಾದ್ರಪದದಲ್ಲಿ ಗಣೇಶನ ಹಿಂದೆಯೇ ಜೋಕುಮಾರ ಬರುತ್ತಾನೆ. ಅಂಬಿಗರು, ಕಬ್ಬಲಿಗರ ಮನೆಯ ಹೆಣ್ಣುಮಕ್ಕಳು ಮಣ್ಣಿನ ಮೂರ್ತಿಗೆ ಬೇವಿನ ಸೊಪ್ಪು ಸುತ್ತಿ, ಬಾಯಿಗೆ ಬೆಣ್ಣೆ ಮೆತ್ತಿ, ಬುಟ್ಟಿಯಲ್ಲಿಟ್ಟು ಮನೆಮನೆಗೆ ಹೊತ್ತು ಹಾಡುತ್ತಾರೆ. ಕೊಟ್ಟ ಜೋಳ ಬುಟ್ಟಿಗೆ ಬೀಳುತ್ತದೆ. ಅವನ ಆಯುಷ್ಯ ಏಳೇ ದಿನ. ಕೊನೆಗೆ ಅವನನ್ನು ಕೊಂದು, ಅಗಸರು ಬಟ್ಟೆ ಒಗೆಯುವ ಕಲ್ಲಿನ ಕಡೆ ಬಿಟ್ಟು ಬರುತ್ತಾರೆ. ಕತೆ ಊರಿಂದೂರಿಗೆ ಬದಲಾಗುತ್ತದೆ. ತಿರುಳು ಇಷ್ಟು: ಗಣೇಶ ಭೂಲೋಕಕ್ಕೆ ಬಂದು ಕಡಬು ಉಂಡು ಕೈಲಾಸಕ್ಕೆ ಹೋಗಿ ಎಲ್ಲರೂ ಸುಖವಾಗಿದ್ದಾರೆ ಎನ್ನುತ್ತಾನೆ. ಜೋಕುಮಾರ ಒಣಗಿದ ಹೊಲ, ಹಸಿದ ಮನೆಗಳನ್ನು ಕಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ.

ಈ ಕತೆ ಭಾದ್ರಪದದಲ್ಲೇ ಯಾಕೆ ನಡೆಯುತ್ತದೆ? ಪಂಚಾಂಗದ ಉತ್ತರ ಏನೇ ಇರಲಿ, ಹೊಲದ ಉತ್ತರ ಸುಲಭ. ಭಾದ್ರಪದವೆಂದರೆ ಹೆಚ್ಚು ಕಡಿಮೆ ಸೆಪ್ಟೆಂಬರ್. ಹುಬ್ಬಿ, ಉತ್ತರಿ ಮಳೆಗಳ ಕಾಲ. ಹಿಂಗಾರಿ ಜೋಳದ ಹಣೆಬರಹ ತೀರ್ಮಾನವಾಗುವ ದಿನಗಳು. ಆಷಾಢದಲ್ಲಿ ದೂರು ಹೇಳಿದರೆ ಬೇಗ, ಕಾರ್ತಿಕದಲ್ಲಿ ಹೇಳಿದರೆ ತಡ. ದೂರು ಮುಟ್ಟಿಸಬೇಕಾದ ವಾರವನ್ನೇ ಹುಡುಕಿ ಆ ವಾರಕ್ಕೆ ಒಬ್ಬ ದೇವರನ್ನು ಇಟ್ಟ ಹಾಗಿದೆ. ಹೊರುವವರು ಯಾರು ಎಂಬುದನ್ನೂ ನೋಡಬೇಕು. ಮಳೆಗಾಗಿ ಮೇಲೆ ಮಾತಾಡುವ ಕೆಲಸ ಗುಡಿಯ ಪೂಜಾರಿಗೆ ಹೋಗಿಲ್ಲ. ನೀರಿನ ಕಸುಬಿನ ಜನರ ಹೆಂಗಸರ ತಲೆಯ ಮೇಲಿದೆ.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ನಾಟಕವನ್ನು ನಾವು ಓದಿದ್ದು ಹೇಗೆ? ತರಗತಿಯಲ್ಲಿ ನನಗೆ ಸಿಕ್ಕ ಟಿಪ್ಪಣಿಗಳಲ್ಲಿ ಎರಡು ಓದು ಇದ್ದವು. ಒಂದು, ಫಲವಂತಿಕೆಯ ಪುರಾಣ: ಮಕ್ಕಳಿಲ್ಲದ ಗೌಡ್ತಿ, ಬಂಜೆತನದ ಗೌಡ, ಜೀವ ತುಂಬಿದ ಬಸಣ್ಣ. ಇನ್ನೊಂದು, ಉಳುವವನ ಹಕ್ಕು: ನೆಲ ಬಿಟ್ಟುಕೊಡದ ಬಸಣ್ಣನ ಕೊಲೆ. ನಾಟಕ ಬಂದ ಎರಡು ವರ್ಷಕ್ಕೆ, 1974ರಲ್ಲಿ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಯಾಯಿತು ಎಂಬುದು ಎರಡನೆಯ ಓದಿಗೆ ಬಲ ಕೊಡುತ್ತದೆ. ಎರಡೂ ಸರಿಯೇ. ಆದರೆ ನಾಟಕದ ಆರಂಭದಲ್ಲೇ ರಂಗದ ರೂಢಿಯ ಗಣಪತಿಯನ್ನು ಬದಿಗಿಟ್ಟು ಜೋಕುಮಾರಸ್ವಾಮಿಗೆ ಪೂಜೆ ಸಲ್ಲಿಸಬೇಕೆಂಬ ವಾದ ಬರುತ್ತದೆ. ಮೂಲದ ಕತೆ ಗೊತ್ತಿದ್ದವರಿಗೆ ಅದು ಬರೀ ನಗೆಯ ಸನ್ನಿವೇಶವಲ್ಲ. ಸುಖದ ವರದಿ ಕೊಡುವವನನ್ನು ಬಿಟ್ಟು ಬರದ ವರದಿ ಕೊಡುವವನನ್ನು ಆರಿಸಿಕೊಂಡ ಘಳಿಗೆ ಅದು. ಹಾಗೆ ಓದಿದರೆ ಬಸಣ್ಣನ ಸಾವಿನ ಅರ್ಥವೂ ಬದಲಾಗುತ್ತದೆ. ಫಲ ಕೊಟ್ಟು ಸಾಯುವ ದೇವರ ಪ್ರತಿರೂಪ ಅವನು ಹೌದು. ಜೊತೆಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಸತ್ತವನೂ ಹೌದು. ಮಳೆಯನ್ನು ಕತೆಯಿಂದ ತೆಗೆದು ‘ಫಲವಂತಿಕೆ’ ಎಂಬ ದೊಡ್ಡ ಪದದೊಳಗೆ ಹಾಕಿದಾಗ ನಾವು ಕಳೆದುಕೊಂಡದ್ದು ಇದನ್ನು.

ಈ ಸೀಮೆಯಲ್ಲಿ ಈ ಜಗಳ ಹೊಸದಲ್ಲ. ಸುರಪುರ ಸೀಮೆಯ ಮುದನೂರಿನ ನೇಕಾರ ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದು ನೆಲ, ಬೆಳೆ, ಬೀಸುವ ಗಾಳಿ ಈ ಮೂರನ್ನೂ ದೇವರ ದಾನವೆಂದು ಎಣಿಸಿ, ಆ ದಾನ ಉಂಡು ಬೇರೆಯವರನ್ನು ಹೊಗಳುವವರನ್ನು ಕಟುವಾಗಿ ಬಯ್ಯುತ್ತದೆ. ಎಣಿಕೆಯಲ್ಲಿ ಗಾಳಿ ಇದೆ, ಮಳೆಯ ಹೆಸರಿಲ್ಲ. ಒಂದು ವಚನದಿಂದ ಹವಾಮಾನಶಾಸ್ತ್ರ ಹಿಂಡುವುದು ಸರಿಯಲ್ಲ ಎಂಬ ಎಚ್ಚರ ನನಗಿದೆ. ಆದರೂ ಆಷಾಢದ ಗಾಳಿಯಲ್ಲಿ ಬೆಳೆದ ನನಗೆ ಆ ಪಟ್ಟಿ ಆಶ್ಚರ್ಯ ತರುವುದಿಲ್ಲ. ಅದಕ್ಕಿಂತ ಮುಖ್ಯ ವಚನದ ಕಟ್ಟು. ದಾನದ ಲೆಕ್ಕ ಮೊದಲು, ಸುಳ್ಳು ಹೊಗಳಿಕೆಯ ಖಂಡನೆ ಆಮೇಲೆ. ಪ್ರಕೃತಿಯ ಮಾತು ಶುರುವಾದ ಕೂಡಲೇ ಸತ್ಯ ಹೇಳುವವರು ಯಾರು, ಹೊಗಳುವವರು ಯಾರು ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಜೋಕುಮಾರನ ಕತೆಯಲ್ಲೂ ಹೀಗೆಯೇ.

ವರದಿ ಮುಟ್ಟದಿದ್ದರೆ ಏನಾಗುತ್ತದೆ? ‘ಕೆರೆಗೆ ಹಾರ’ ಅದನ್ನು ಹೇಳುತ್ತದೆ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬರುವುದಿಲ್ಲ. ಬಲಿ ಬೇಕೆಂಬ ಮಾತು ಬರುತ್ತದೆ. ಮನೆಯ ಲೆಕ್ಕಾಚಾರ ಒಬ್ಬೊಬ್ಬರನ್ನಾಗಿ ಬಿಟ್ಟು ಕೊನೆಗೆ ಕಿರಿಯ ಸೊಸೆ ಭಾಗೀರಥಿಯ ಮೇಲೆ ಬಂದು ನಿಲ್ಲುತ್ತದೆ. ಇದನ್ನು ತ್ಯಾಗದ ಕತೆಯೆಂದು ಪಾಠ ಮಾಡುತ್ತೇವೆ. ತ್ಯಾಗ ಎನ್ನುವ ಮೊದಲು ಇದು ಹಂಚಿಕೆಯ ಕತೆ ಎಂದು ನನಗೆ ಕಾಣುತ್ತದೆ: ಬಾರದ ನೀರಿನ ಬೆಲೆಯನ್ನು ಮನೆಯಲ್ಲಿ ಯಾರು ತೆರಬೇಕು? ನಮ್ಮ ಊರುಗಳಲ್ಲಿ ಅದಕ್ಕೆ ಇಂದೂ ಉತ್ತರವಿದೆ. ಹಿಂಗಾರಿ ಕೈಕೊಟ್ಟ ವರ್ಷ ದಸರೆ, ದೀಪಾವಳಿ ಕಳೆಯುತ್ತಲೇ ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೊರಡುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ತರಗತಿಯ ಹುಡುಗಿಯರ ಸಾಲು ತೆಳ್ಳಗಾಗುತ್ತಿತ್ತು. ಎಷ್ಟೋ ಜನ ಮರಳಿ ಬರಲಿಲ್ಲ. ಅವರನ್ನು ಯಾರೂ ಭಾಗೀರಥಿ ಎಂದು ಕರೆಯಲಿಲ್ಲ.

ಆಧುನಿಕ ಗದ್ಯದಲ್ಲಿ ವರದಿಯ ಮಳೆ ಕಚೇರಿಗೆ ಬರುತ್ತದೆ. ಯು. ಆರ್. ಅನಂತಮೂರ್ತಿಯವರ ‘ಬರ’, ಎಂ. ಎಸ್. ಸತ್ಯು ಸಿನಿಮಾ ಮಾಡಿದ ಕತೆ, ಬರಪೀಡಿತ ಜಿಲ್ಲೆಯ ಜಿಲ್ಲಾಧಿಕಾರಿಯೊಬ್ಬನದು. ಅವನು ಸದುದ್ದೇಶದ ವಿದ್ಯಾವಂತ. ಎದುರಿಗೆ ಕಾಣುವ ಬರವನ್ನು ಬರವೆಂದು ಸರ್ಕಾರದಿಂದ ಒಪ್ಪಿಸುವುದೇ ರಾಜಕೀಯವಾಗುತ್ತದೆ. ಇದನ್ನು ಬುದ್ಧಿಜೀವಿಯ ಆದರ್ಶ ಮುರಿದುಬೀಳುವ ನವ್ಯ ಕತೆಯಾಗಿ ಓದುವುದು ರೂಢಿ. ಬಯಲಿನ ಕಡೆಯಿಂದ ಓದಿದರೆ ಅವನು ಕಡತ ಹಿಡಿದ ಜೋಕುಮಾರ. ಕಂಡದ್ದನ್ನು ಮೇಲೆ ಹೇಳಬೇಕು, ಮೇಲಿನವರಿಗೆ ಕೇಳಬೇಕೆನ್ನಿಸಿದ್ದು ಬೇರೆ. ಆದರೆ ಒಂದು ಕೊರತೆಯೂ ಕಾಣುತ್ತದೆ. ಜೋಕುಮಾರನನ್ನು ಊರೇ ಹೊತ್ತು ತಿರುಗುತ್ತದೆ, ಜಿಲ್ಲಾಧಿಕಾರಿಯನ್ನು ಯಾರೂ ಹೊತ್ತಿಲ್ಲ. ಕತೆ ಅವನ ಒಳಗಿನ ಒದ್ದಾಟಕ್ಕೆ ಹತ್ತಿರವಾದಷ್ಟು ಮುಗಿಲು ನೋಡುವವರಿಗೆ ಹತ್ತಿರವಾಗುವುದಿಲ್ಲ. ನವ್ಯದ ಶಕ್ತಿಯೂ ಮಿತಿಯೂ ಇಲ್ಲಿ ಒಟ್ಟಿಗೇ ಕಾಣುತ್ತವೆ.

ಇವೆಲ್ಲ ಹಳೆಯ ಮಾತು ಅನ್ನಬಹುದು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಅದೂ ಒಂದೇ ಸಲಕ್ಕಲ್ಲ, ಹಂತಹಂತವಾಗಿ. ಇಂದು ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೂ ಬಂದಿವೆ. ಬರ ಸಾರಲು ಮಳೆ ಕೊರತೆ, ಒಣ ಅವಧಿ, ಬಿತ್ತನೆ, ಮಣ್ಣಿನ ತೇವ ಎಲ್ಲವನ್ನೂ ಎಣಿಸುವ ಕ್ರಮವಿದೆ. ಅಳತೆ ಬೇಕೇ ಬೇಕು. ಆದರೆ ಸರಾಸರಿ ಎಂಬುದು ಕೆಲವೊಮ್ಮೆ ಗಣೇಶನ ಹಾಗೆ ಮಾತಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೊತ್ತ ವಾಡಿಕೆಯಷ್ಟೇ ಇರಬಹುದು. ತೊಗರಿ ಹೂ ಬಿಡುವಾಗ ಬೇಕಿದ್ದ ಹದ ಅದರಲ್ಲಿ ಇಲ್ಲದಿರಬಹುದು. ಕುರುಡು ಚಿತ್ತೆ ಎಲ್ಲಿ ಎರಚಿದಳು ಎಂಬುದು ಪಂಚಾಯಿತಿಯ ಒಂದು ಮಾಪಕಕ್ಕೆ ಕಾಣುವುದಿಲ್ಲ.

ನಾರಾಯಣಪುರದ ಬಸವಸಾಗರದಿಂದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಅಲ್ಲಿ ಈಗ ನಕ್ಷತ್ರಗಳ ಜಾಗಕ್ಕೆ ನೀರಾವರಿ ಸಲಹಾ ಸಮಿತಿಯ ಸಭೆ, ಚಾಲೂ–ಬಂದ್ ಪದ್ಧತಿ, ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟಿಲ್ಲವೆಂಬ ಧರಣಿ ಬಂದಿವೆ. ನಮ್ಮ ತಲೆಯ ಮೇಲಿನ ಮೋಡಕ್ಕಿಂತ ಮಹಾಬಳೇಶ್ವರದ ಮೋಡ ಹೆಚ್ಚು ಮುಖ್ಯ. ಸಹ್ಯಾದ್ರಿಯಲ್ಲಿ ಹೊಯ್ದ ವರ್ಷ, ಅಣೆಕಟ್ಟೆಯಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗ, ಇಲ್ಲಿ ಬಿಸಿಲಿದ್ದರೂ ಕೃಷ್ಣೆ ಉಕ್ಕುತ್ತಾಳೆ. 2019ರ ಆಗಸ್ಟ್ ಅಂಥದ್ದು. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ನದಿಯ ನಡುವೆ ಒಂಟಿಯಾಗುವುದು ಪತ್ರಿಕೆಗಳಿಗೆ ಮಳೆಗಾಲದ ಮಾಮೂಲಿ ಸುದ್ದಿ. ಮಳೆಯಿಲ್ಲದ ಪ್ರವಾಹ, ಮುಂಗಾರು ಬಂದೂ ಮಳೆಯಿಲ್ಲದ ಆಷಾಢ: ಇವನ್ನು ಯಾವ ಋತುವರ್ಣನೆಯಲ್ಲಿ ಸೇರಿಸುವುದು?

ವರ್ಣನೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಶ್ರಾವಣದ ಕವಿತೆ ನನಗೂ ಇಷ್ಟ. ನನ್ನ ಕೋರಿಕೆ ಚಿಕ್ಕದು. ಗಾದೆ, ಜೋಕುಮಾರನ ಹಾಡು, ವಚನ, ನಾಟಕ, ನವ್ಯದ ಕತೆ ಇವನ್ನು ಮಳೆಯ ಒಂದೇ ಪರಂಪರೆಯಾಗಿ ಪಕ್ಕಪಕ್ಕ ಇಟ್ಟು ಓದೋಣ. ಆಗ ಮಳೆ ಬರೀ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಇಲ್ಲಿಯ ಸ್ಥಿತಿಯನ್ನು ಯಾರು ಯಾರಿಗೆ ಹೇಳಿದರು, ಕೇಳಿಸಿಕೊಂಡವರು ಯಾರು, ಕೇಳದಿದ್ದಾಗ ಬೆಲೆ ತೆತ್ತವರು ಯಾರು ಎಂದು ಕೇಳಲು ದಾರಿಯಾಗುತ್ತದೆ.

ಆ ನಾಲ್ಕು ಸಾಲಿನ ಹುಡುಗನಿಗೆ ಅಂದು ನಾನು, ಇನ್ನಷ್ಟು ವರ್ಣನೆ ಇರಬೇಕಿತ್ತು ಎಂದು ಪುಟದ ಅಂಚಿನಲ್ಲಿ ಬರೆದುಕೊಟ್ಟಿದ್ದೆ. ಅವನ ಅಪ್ಪ ಮುಗಿಲಿನಲ್ಲಿ ಏನು ನೋಡುತ್ತಿದ್ದ, ಯಾವ ಮಳೆಯ ಲೆಕ್ಕ ಹಾಕುತ್ತಿದ್ದ ಎಂದು ಕೇಳಬೇಕಿತ್ತು. ಮುಂದಿನ ಭಾದ್ರಪದದಲ್ಲಿ ಆ ತರಗತಿಗೆ ಅದೇ ವಿಷಯವನ್ನು ಮತ್ತೆ ಕೊಡುತ್ತೇನೆ. ಈ ಸಲ ಆ ಪ್ರಶ್ನೆಯನ್ನು ಮೊದಲೇ ಕೇಳುತ್ತೇನೆ.